ಪಕ್ಕದ್ಮನೆ ಎಂಬ ಫೈಲು

ನಮ್ಮ ಮನೆಯಲ್ಲಿ ನನಗೆ 'ಒರೆಸೋ ಅಮ್ಮ' ಎಂದು ಹೆಸರಿಟ್ಟಿದ್ದರು. ಗವಿಪುರದ ಸಣ್ಣ ಬಾಡಿಗೆ ಮನೆಯಲ್ಲಿ ಯಾರಾದರೂ ಚಮಚ ಸೊಟ್ಟಗೆ ಇಟ್ಟರೂ ನನಗೆ ಸಮಾಧಾನವಿರುತ್ತಿರಲಿಲ್ಲ. ಅಪ್ಪ ಓದಿ ಮುಗಿಸುವ ಮೊದಲೇ ಪೇಪರ್ ಮಡಿಸಿ ರದ್ದಿಗೆ ಸೇರಿಸಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಆದರೂ ಇದು ಒಳ್ಳೆಯ ಗುಣವೆಂದೇ ಬಹಳ ಕಾಲ ನಂಬಿದ್ದೆ. ಈಗ ಯಾರಾದರೂ "ಎಷ್ಟ್ ನೀಟಾಗಿ ಇಟ್ಕೊಂಡಿದೀರ ಎಲ್ಲಾನೂ" ಎಂದರೆ ನನಗೆ ಚಾಮರಾಜಪೇಟೆಯ ಒಂದು ಗೋಡೆ ನೆನಪಾಗುತ್ತದೆ. ಮಾತು ಬದಲಾಯಿಸುತ್ತೇನೆ.

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಬಸವನಗುಡಿಯ ಒಬ್ಬ ಆರ್ಕಿಟೆಕ್ಟರ ಬಳಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕಿದ್ದೆ. ಆಫೀಸು ಎಂದರೆ ಅವರ ಮನೆಯ ಮಹಡಿ. ಕೆಳಗಿನಿಂದ ಹುಳಿಯ ಒಗ್ಗರಣೆ ವಾಸನೆ ಬಂದರೆ ಊಟದ ಹೊತ್ತಾಯಿತು ಎಂದು ಲೆಕ್ಕ. ಸರ್, ನಾನು, ಎರಡು ಕಂಪ್ಯೂಟರು, ಇಷ್ಟೇ ಸಂಸಾರ. ಸರ್ ಹಳೆಯ ಬಡಾವಣೆಗಳಲ್ಲಿ ಮನೆ ಕಟ್ಟಿಸುವುದರಲ್ಲಿ ಪಳಗಿದವರು. ಅವರದೊಂದು ಪದ್ಧತಿಯಿತ್ತು. ಯಾವುದೇ ಸೈಟಿಗೆ ನಕ್ಷೆ ಹಾಕುವ ಮೊದಲು ಆ ಸೈಟಿನ ಎಡಬಲದ ಮನೆಗಳನ್ನೂ ಅಳೆಯುತ್ತಿದ್ದರು. ಅವರ ಕಿಟಕಿ ಎಲ್ಲಿ, ಮೋರಿ ಯಾವ ಕಡೆ ಹರಿಯುತ್ತದೆ, ಒಗೆಯುವ ಕಲ್ಲು ಎಲ್ಲಿ, ಎಲ್ಲ ಬೇಕು. ಕೇಳಿದರೆ, "ಇಲ್ಲಿ ಒಂಟಿ ಮನೆ ಅಂತ ಯಾವುದೂ ಇಲ್ಲ ಕಣಮ್ಮ. ಒಬ್ರು ಕೆಮ್ಮಿದ್ರೆ ಇನ್ನೊಬ್ರಿಗೆ ಕೇಳ್ಸತ್ತೆ. ನಾವು ಹೋಗಿ ಅವರ ಬೆಳಕಿಗೆ ಅಡ್ಡ ನಿಲ್ಲಬಾರದು" ಎನ್ನುತ್ತಿದ್ದರು.

ಹಾಗೆ ಅಳೆದ ನೆರೆಮನೆಯನ್ನು ನಾನು ಬೇರೊಂದು ಫೈಲಿನಲ್ಲಿ ಬಿಡಿಸಿ, ನಾವು ಕಟ್ಟುವ ಮನೆಯ ನಕ್ಷೆಯ ಅಡಿಯಲ್ಲಿ ತೆಳು ಗೆರೆಗಳಾಗಿ ಕಾಣುವಂತೆ ಜೋಡಿಸಬೇಕಿತ್ತು. ಇದಕ್ಕೆ ಎಕ್ಸ್‌ರೆಫ್ ಎನ್ನುತ್ತಿದ್ದೆವು. ಅಡಿಯ ನಕ್ಷೆ ಮೇಲಿನ ನಕ್ಷೆಯ ಒಳಗೆ ಇರುವುದಿಲ್ಲ. ಮೇಲಿನದಕ್ಕೆ ಗೊತ್ತಿರುವುದು ಅದರ ಹೆಸರು ಮತ್ತು ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ. ಪ್ರತಿ ಸಲ ತೆರೆದಾಗಲೂ ಆ ವಿಳಾಸಕ್ಕೆ ಹೋಗಿ ಕರೆದುಕೊಂಡು ಬಂದು ತೋರಿಸುತ್ತದೆ. ವಿಳಾಸದಲ್ಲಿ ಸಿಗದಿದ್ದರೆ ಆ ಜಾಗ ಖಾಲಿ ಕಾಣುತ್ತದೆ, ಒಂದು ಮೂಲೆಯಲ್ಲಿ ಕಾಣೆಯಾದ ಫೈಲಿನ ಹೆಸರು ಮಾತ್ರ ಒಂದು ಸಾಲು ನಿಂತಿರುತ್ತದೆ. ಸರ್ ಈ ನೆರೆಮನೆಗಳನ್ನೆಲ್ಲ 'ಅಕ್ಕಪಕ್ಕ' ಎಂಬ ಒಂದೇ ಫೋಲ್ಡರಿನಲ್ಲಿ ಇಡಿಸುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡುವುದು ಅವರ ಅಭ್ಯಾಸ. ಪೇಟೆಯ ಹೆಸರು, ಅದರ ಮುಂದೆ 'ಪಕ್ಕದ್ಮನೆ', ಪ್ರತಿ ಫೈಲಿಗೂ ಇದೇ ನಾಮಕರಣ.

ಚಾಮರಾಜಪೇಟೆಯ ಸೈಟಿಗೆ ಅಳತೆಗೆ ಹೋದಾಗ ಟೇಪಿನ ಒಂದು ತುದಿ ಸರ್ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿತ್ತು. ಮಲ್ಲೇಶ್ವರದ ಯಜಮಾನರೊಬ್ಬರು ಅಲ್ಲಿದ್ದ ಹಳೇ ಮನೆಯನ್ನು ಕೊಂಡು, ಕೆಡವಿಸಿ, ಹೊಸದು ಕಟ್ಟಿಸಲು ಹೊರಟಿದ್ದರು. ಅದರ ಪೂರ್ವಕ್ಕೆ ಹೆಂಚಿನ ಮನೆ. ಆ ಮನೆಯಾಕೆಗೆ ನಮ್ಮಮ್ಮನಷ್ಟು ವಯಸ್ಸು, ಬ್ಲೌಸ್ ಹೊಲಿಯುವುದೇ ಜೀವನ. ನಾನು ಅವರನ್ನು ಆಂಟಿ ಎಂದೇ ಕರೆದೆ. ಮುಂದಿನ ಕೋಣೆಯನ್ನು ಇಸ್ತ್ರಿ ಅಂಗಡಿಗೆ ಬಾಡಿಗೆ ಕೊಟ್ಟು, ನಡುಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಆ ಕೋಣೆಗಿದ್ದದ್ದು ಒಂದೇ ಕಿಟಕಿ, ನಮ್ಮ ಸೈಟಿನ ಕಡೆಗೆ. ಅಡುಗೆ ಕೆಲಸ ಮುಗಿಸಿ ಕೂತರೆ ದೀಪ ಹಚ್ಚುವ ತನಕ ಪಡುವಣದ ಬೆಳಕು ನೇರವಾಗಿ ಸೂಜಿಯ ಮೇಲೆ ಬೀಳುತ್ತಿತ್ತು.

ನಾವು ಕಿಟಕಿ ಅಳೆಯಬೇಕೆಂದಾಗ ಆಂಟಿ ತಾವೇ ಮೆಷಿನ್ ಪಕ್ಕಕ್ಕೆ ಎಳೆದು ಜಾಗ ಮಾಡಿಕೊಟ್ಟರು.

"ಈ ಕಿಟಕಿ ಒಂದಿದೆ ಅಂತ ನನ್ ಕೆಲ್ಸ ನಡೀತಿದೆ ಕಣಮ್ಮ. ಟ್ಯೂಬ್‌ಲೈಟಲ್ಲಿ ನೀಲಿ ದಾರಾನೂ ಕರೀ ದಾರಾನೂ ಒಂದೇ ಥರ ಕಾಣತ್ತೆ. ಪಕ್ಕದಲ್ಲಿ ದೊಡ್ಮನೆ ಬರತ್ತೆ ಅಂತ ಕೇಳ್ದಾಗಿಂದ ಇದೇ ಯೋಚ್ನೆ ಆಗೋಗಿದೆ" ಎಂದರು.

"ಅದಕ್ಕೇ ಆಂಟಿ ನಾವು ಅಳತೆ ತಗೋತಿರೋದು. ನಿಮ್ ಕಿಟಕಿಗೆ ಏನೂ ಆಗಲ್ಲ" ಎಂದೆ.

ಆಗ ಸುಳ್ಳು ಹೇಳಬೇಕೆಂಬ ಯಾವ ಯೋಚನೆಯೂ ನನಗಿರಲಿಲ್ಲ. ಸರ್ ಕೂಡ ತಲೆಯಾಡಿಸಿದರು. ಆಂಟಿ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು, ನಾನು ಎರಡು ಲೋಟ ಕುಡಿದೆ.

ಸರ್ ಮಾತಿನಂತೆಯೇ ನಕ್ಷೆ ಹಾಕಿದರು. ಸೈಟು ಚಿಕ್ಕದಾದ್ದರಿಂದ ಹೊಸ ಮನೆಯ ಗೋಡೆ ಆ ಕಡೆ ಗಡಿಯ ತನಕ ಬರಲೇಬೇಕಿತ್ತು. ಆದರೆ ಆಂಟಿಯ ಕಿಟಕಿಯ ಎದುರಿಗೆ ಮಾತ್ರ ಗೋಡೆಯನ್ನು ಒಳಕ್ಕೆ ತೆಗೆದುಕೊಂಡು, ಆಕಾಶಕ್ಕೆ ತೆರೆದ ಒಂದು ಸಂದು ಬಿಟ್ಟರು. ಯಜಮಾನರ ದೇವರ ಮನೆಗೂ ಅದರಿಂದ ಗಾಳಿ, ಆಂಟಿಯ ಮೆಷಿನ್ನಿಗೂ ಬೆಳಕು. ಅಡಿಯಲ್ಲಿ ಪಕ್ಕದ್ಮನೆಯ ತೆಳು ಗೆರೆಗಳು, ಕಿಟಕಿಗೆ ಸರಿಯಾಗಿ ಎದುರು ಆ ಸಂದು. ತೆರೆಯ ಮೇಲೆ ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಅದನ್ನು ಒಂದೆರಡು ಸಲ ದೊಡ್ಡದು ಮಾಡಿ ನೋಡಿದ್ದೆ. ಪ್ಲಾನಿಗೆ ಮಂಜೂರಾತಿ ಸಿಗಬೇಕಿತ್ತು. ಅದು ಬರುವ ತನಕ ಆ ಕೆಲಸ ಪಕ್ಕಕ್ಕೆ ಸರಿಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಆಫೀಸಿನಲ್ಲಿ ಅದೊಂದು ದೊಡ್ಡ ಸಂಭ್ರಮ. ಕಂಪ್ಯೂಟರಿನ ಡಬ್ಬಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಬಾಗಿಲಿಗೆ ಬಾಳೆಕಂದು, ಗೇಟಿನ ಮುಂದೆ ಒಡೆಯಲು ಬೂದುಗುಂಬಳ, ಎಲ್ಲರಿಗೂ ಕಡ್ಲೆಪುರಿ ಪೊಟ್ಟಣ. ಅವತ್ತು ಯಂತ್ರಗಳನ್ನು ಯಾರೂ ಮುಟ್ಟುವಂತಿಲ್ಲ. ಅದರ ಹಿಂದಿನ ದಿನ ತೊಳೆದು ಒರೆಸಿ ಅಣಿಮಾಡುವುದು ನನ್ನ ಪಾಲಿಗೆ ಬಂದಿತ್ತು. ಕೀಬೋರ್ಡು ಬೋರಲು ಹಾಕಿ ತಟ್ಟಿದೆ, ಪರದೆ ಒರೆಸಿದೆ, ವೈರಿನ ಸಿಕ್ಕು ಬಿಡಿಸಿದೆ. ಹೊರಗೆಲ್ಲ ಫಳಫಳ ಆದಮೇಲೆ ಒಳಗಿನ ಕಸ ಕಣ್ಣಿಗೆ ಬಿತ್ತು. ಕಂಪ್ಯೂಟರಿನೊಳಗಿನ ಫೋಲ್ಡರುಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಪೂಜೆಗೆ ಮನೆ ಗುಡಿಸಿ ಅಟ್ಟದ ಬಲೆ ಹಾಗೇ ಬಿಡುವುದುಂಟೆ? ಕೂತು ಅದನ್ನೂ ಗುಡಿಸಿದೆ. 'ಅಕ್ಕಪಕ್ಕ' ನನ್ನ ಕಣ್ಣಿಗೆ ಬೇಡದ ಕಸವಾಗಿ ಕಂಡಿತು. ಅದರೊಳಗಿನ ಯಾವ ಮನೆಯನ್ನೂ ನಮಗೆ ಕಟ್ಟಲು ಕೊಟ್ಟಿರಲಿಲ್ಲ. ಅವನ್ನೆಲ್ಲ ಎತ್ತಿ 'ಹಳೇದು' ಎಂಬ ಫೋಲ್ಡರಿನೊಳಗೆ ಹಾಕಿ, ಕೈ ತೊಳೆದುಕೊಂಡು, ನೆಮ್ಮದಿಯಾಗಿ ಮನೆಗೆ ಹೋದೆ.

ಹಬ್ಬ ಮುಗಿಸಿ ಬಂದು ಮೊದಲ ನಕ್ಷೆ ತೆರೆದರೆ ಮನೆ ಇದೆ, ಅಕ್ಕಪಕ್ಕ ಇಲ್ಲ. ಇನ್ನೊಂದು ತೆರೆದೆ, ಅದೂ ಹಾಗೇ. ಸರ್ ಬಂದು ಬಗ್ಗಿ ನೋಡಿ, "ಪೂಜೆ ನೀರೇನಾದ್ರೂ ಒಳಗ್ ಹೋಯ್ತೇನಮ್ಮ?" ಎಂದು ಡಬ್ಬಿಯ ಮೇಲಿನ ಕುಂಕುಮದ ಕಡೆ ಅನುಮಾನದಿಂದ ನೋಡಿದರು. ನಾನು ವೈರಸ್ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಹೆಗಲ ಮೇಲೆ ಇಡೀ ಕುಂಬಳಕಾಯಿಯೇ ಇದ್ದರೂ ನನಗೆ ಮುಟ್ಟಿ ನೋಡಿಕೊಳ್ಳಲು ಹೊಳೆದಿರಲಿಲ್ಲ.

ತೆರೆಯ ಕೆಳಗಡೆ ಓಡಿಹೋಗುವ ಸಾಲುಗಳನ್ನು ನಿಧಾನವಾಗಿ ಓದಿದಾಗ ವಿಷಯ ಗೊತ್ತಾಯಿತು. ಪಾಪ, ಅದು ಎಲ್ಲವನ್ನೂ ಹೇಳುತ್ತಿತ್ತು. ಇಂಥ ಫೈಲನ್ನು ಇಂಥ ವಿಳಾಸದಲ್ಲಿ ಹುಡುಕಿದೆ, ಸಿಗಲಿಲ್ಲ ಎಂದು. ನನ್ನ ಮುಖ ಸಣ್ಣಗಾಯಿತು. ಆಗಲೇ ಸರ್‌ಗೆ ಹೇಳಿದೆ.

"ಅಷ್ಟೇನಾ? ಫೋಲ್ಡರ್ ಎತ್ತಿ ಮೊದಲಿದ್ದ ಜಾಗಕ್ಕೇ ಇಟ್ಬಿಡು. ಎಲ್ಲಾ ತಾನಾಗೇ ಸರಿಹೋಗತ್ತೆ" ಎಂದರು ಸರ್.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಕ್ಷಣದ ಕೆಲಸ. ಆದರೆ ಗುಡಿಸಿ ರಂಗೋಲಿ ಹಾಕಿದ ಅಂಗಳದಲ್ಲಿ ಮತ್ತೆ ಕಸ ಸುರಿ ಎಂದರೆ ನನ್ನಂಥವಳಿಗೆ ಹೇಗಾಗಬೇಡ? "ಬೇಡ ಸರ್, ಒಂದೊಂದನ್ನೇ ತೆಗೆದು ಹೊಸ ವಿಳಾಸ ಕೊಡ್ತೀನಿ, ಚೊಕ್ಕವಾಗಿರತ್ತೆ" ಎಂದು ಹಟ ಹಿಡಿದೆ. ಸರ್ ನಕ್ಕು, "ಮಾಡು ಮಾರಾಯ್ತಿ" ಎಂದು ಕೆಳಗೆ ಕಾಫಿಗೆ ಹೋದರು.

ಮಾಡಿದೆ. ನಡೆಯುತ್ತಿದ್ದ ಕೆಲಸದ ನಕ್ಷೆಗಳನ್ನು ಒಂದೊಂದಾಗಿ ತೆರೆದು, ಯಾವ ಎಕ್ಸ್‌ರೆಫ್ ಸಿಕ್ಕಿಲ್ಲವೆಂದು ನೋಡಿ, 'ಹಳೇದು' ಒಳಗೆ ಹೊಕ್ಕು, ಹೆಸರು ಹುಡುಕಿ, ಹೊಸ ವಿಳಾಸ ಕೊಟ್ಟು ಮತ್ತೆ ಕರೆಸಿದೆ. ಪ್ರತಿ ಸಲ ಪಕ್ಕದ ಮನೆ ತಟ್ಟನೆ ಬಂದು ತನ್ನ ಜಾಗದಲ್ಲಿ ಕೂತಾಗ ಏನೋ ಖುಷಿ. ಚಾಮರಾಜಪೇಟೆಯ ಕೆಲಸ ಆಗ ನಡೆಯುತ್ತಿರಲಿಲ್ಲ, ಮಂಜೂರಾತಿಗೆ ಕಾಯುತ್ತಿತ್ತು. ಅದನ್ನು ಆಮೇಲೆ ನೋಡೋಣ ಎಂದುಕೊಂಡೆ.

ಆ ಆಮೇಲೆ ಬಂದದ್ದು ಶಿವರಾತ್ರಿಯ ಹೊತ್ತಿಗೆ. ಮಂಜೂರಾತಿ ಬಂತೆಂದು ಯಜಮಾನರು ಹೆಂಡತಿಯನ್ನು ಕರೆದುಕೊಂಡು ಆಫೀಸಿಗೇ ಬಂದರು. ದೇವರ ಮನೆ ಚಿಕ್ಕದಾಯಿತು, ಸ್ವಲ್ಪ ಹಿಗ್ಗಿಸಬೇಕು ಎಂಬುದು ಅವರ ಬೇಡಿಕೆ. ಸರ್ ಬೇರೆ ಸೈಟಿಗೆ ಹೋಗಿದ್ದರು. ನಾನು ದೊಡ್ಡ ಮನುಷ್ಯಳಂತೆ ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ನಕ್ಷೆ ತೆರೆದೆ. ತೆರೆದ ಕೂಡಲೇ ಬಂತು ಆ ಸಂದೇಶ: ಫೈಲು ಸಿಗಲಿಲ್ಲ.

"ಏನದು? ಏನೋ ಹೋಗ್ಬಿಟ್ಟಿದೆ ಅಂತಿದೆಯಲ್ಲ? ನಮ್ ಪ್ಲಾನಿಗೆ ಏನಾದ್ರೂ ಆಯ್ತಾ?" ಎಂದರು ಯಜಮಾನರು, ಕನ್ನಡಕ ಸರಿಮಾಡಿಕೊಳ್ಳುತ್ತ.

"ಏನಿಲ್ಲ ಸರ್, ಅದು ಹಳೇದು" ಎಂದೆ.

ಬಾಗಿಲಲ್ಲಿ ನೆಂಟರ ಸದ್ದಾದರೆ ನಾವು ಹಾಸಿಗೆಯ ಮೇಲಿನ ಬಟ್ಟೆರಾಶಿಯನ್ನು ಮಂಚದಡಿಗೆ ತಳ್ಳುವುದಿಲ್ಲವೇ, ನಾನು ಮಾಡಿದ್ದೂ ಅದೇ. ಖಾಲಿ ಜಾಗದ ಮೂಲೆಯಲ್ಲಿ ಆ ಹೆಸರಿನ ಸಾಲು ನಿಂತಿತ್ತು. ಓದಿದೆ. ಪಕ್ಕದ್ಮನೆ ಎಂದಿತ್ತು. ಫೈಲು ಎಲ್ಲಿದೆ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕರೆಸಿಕೊಳ್ಳಲು ಒಂದು ನಿಮಿಷ ಸಾಕಿತ್ತು. ಆದರೆ ಬಂದವರ ಮುಂದೆ ಕಸ ಕಾಣುತ್ತಿದೆಯಲ್ಲ ಎಂಬ ನಾಚಿಕೆ ನನಗೆ. ಆ ಎಕ್ಸ್‌ರೆಫನ್ನೇ ಆರಿಸಿ, ಡಿಟ್ಯಾಚ್ ಒತ್ತಿದೆ. ಅಂದರೆ ಸಂಬಂಧವನ್ನೇ ಕಡಿದುಹಾಕುವುದು. ಸಾಲು ಅಳಿಸಿಹೋಯಿತು, ಸಂದೇಶ ಮತ್ತೆ ಬರಲಿಲ್ಲ, ತೆರೆ ಸ್ವಚ್ಛವಾಯಿತು. ಯಜಮಾನರ ಮನೆ ಚಿತ್ತಾರದಂತೆ ಕಾಣುತ್ತಿತ್ತು. ಕಾಣದೆ ಹೋದದ್ದು ಪಕ್ಕದ ಮನೆ ಮಾತ್ರ.

ಯಜಮಾನರ ಹೆಂಡತಿ ಆ ಸಂದಿನ ಮೇಲೆ ಬೆರಳಿಟ್ಟು, "ಇದೇನಮ್ಮ, ಇಷ್ಟ್ ಜಾಗ ಸುಮ್ನೆ ಖಾಲಿ ಬಿಟ್ಟಿದೀರ? ಇದನ್ನ ದೇವರ ಮನೆಗೆ ಸೇರಿಸ್ಬೋದಲ್ಲ?" ಎಂದರು.

ಎದುರು ಕಿಟಕಿಯಿಲ್ಲದ ಮೇಲೆ ಅದು ನಿಜವಾಗಿಯೂ ದಂಡದ ಜಾಗದಂತೆಯೇ ಕಾಣುತ್ತಿತ್ತು. ನಾನು ಸೇರಿಸಿ ತೋರಿಸಿದೆ. ಇಬ್ಬರಿಗೂ ಬಹಳ ಹಿಡಿಸಿತು. ಸರ್‌ನ ಕೇಳಿ ಹೇಳುತ್ತೇನೆಂದು ಕಳಿಸಿಕೊಟ್ಟೆ.

ಸಂಜೆ ಸರ್ ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಆ ಮೂಲೆಯನ್ನು ಕುಟ್ಟುತ್ತ ಬಹಳ ಹೊತ್ತು ನಿಂತರು.

"ಇಲ್ಲೊಂದು ಸಂದು ಬಿಟ್ಟಿದ್ದೆ ನಾನು. ಯಾಕ್ ಬಿಟ್ಟಿದ್ದೆ? ಆ ಕಡೆ ಏನಿದೆ ನೋಡು."

ನಾನು ಪ್ರಿಂಟು ನೋಡಿದೆ. ಕಂಪ್ಯೂಟರನ್ನೂ ನೋಡಿದೆ. ಆ ಕಡೆ ಬಿಳೀ ಹಾಳೆ.

"ಏನೂ ಇಲ್ಲ ಸರ್" ಎಂದೆ.

ಇಷ್ಟು ವರ್ಷವಾದರೂ ಆ ಮಾತು ನನ್ನ ಬಾಯಿಂದ ಹೇಗೆ ಬಂತೆಂದು ನನಗೆ ಅರ್ಥವಾಗಿಲ್ಲ. ಆ ಕಿಟಕಿಯ ಚೌಕಟ್ಟಿಗೆ ಟೇಪು ಒತ್ತಿ ಹಿಡಿದವಳು ನಾನು. ಎರಡು ಲೋಟ ಪಾನಕ ಕುಡಿದವಳು ನಾನು. ಫೈಲಿನಲ್ಲಿದೆಯಲ್ಲ ಎಂದು ತಲೆಯಿಂದ ತೆಗೆದುಹಾಕಿದ್ದೆ, ಆಮೇಲೆ ಫೈಲಿನಿಂದಲೂ ತೆಗೆದುಹಾಕಿದೆ. ಸರ್ "ಸರಿ ಹಾಗಾದ್ರೆ" ಎಂದು ಸಹಿ ಹಾಕಿದರು. ಅವರ ಪದ್ಧತಿಯ ಮೇಲೆ ಅವರಿಗೆ ಅಷ್ಟು ನಂಬಿಕೆ. ನೆರೆಮನೆಯಲ್ಲಿ ಏನಾದರೂ ಇದ್ದಿದ್ದರೆ ನಕ್ಷೆಯಲ್ಲಿ ಕಾಣಲೇಬೇಕಿತ್ತು.

ಕಟ್ಟಡ ಶುರುವಾಯಿತು. ನನಗೆ ಸೈಟಿಗೆ ಹೋಗುವ ಕೆಲಸ ಅಷ್ಟಾಗಿ ಇರಲಿಲ್ಲ. ಬಾಗಿಲ ಚೌಕಟ್ಟಿನ ವಿವರ ತಲುಪಿಸಲು ಒಂದು ಮಧ್ಯಾಹ್ನ ಹೋದೆ. ಗೋಡೆಗಳು ಆಳೆತ್ತರ ದಾಟಿದ್ದವು. ದೇವರ ಮನೆ ಹೇಗೆ ಬಂದಿದೆ ನೋಡೋಣವೆಂದು ಒಳಗೆ ಹೋಗಿ, ಇನ್ನೂ ಹಸಿಯಿದ್ದ ಗೋಡೆಯನ್ನು ಮುಟ್ಟಿದೆ. ಅದರ ಹಿಂದಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಕೇಳಿಸಿತು. ಸ್ವಲ್ಪ ಓಡಿತು, ನಿಂತಿತು, ಮತ್ತೆ ಓಡಿತು.

ಎಲ್ಲವೂ ಒಟ್ಟಿಗೆ ನೆನಪಾಯಿತು, ಕಿಟಕಿ, ದಾರದ ಬಣ್ಣ, ನಾನು ಹೇಳಿದ ಮಾತು. ಆಂಟಿಯ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಮೇಸ್ತ್ರಿ ಏನೋ ಕೇಳುತ್ತಿದ್ದರೆ ಉತ್ತರ ಕೊಡದೆ ಆಚೆ ಬಂದು, ಆಟೋ ಹಿಡಿದು ಆಫೀಸಿಗೆ ಹೋದೆ. ಸರ್ ಮುಂದೆ ನಿಂತು ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿಗೆ ಹೇಳಿದೆ. ಆಯುಧಪೂಜೆಯ ಗುಡಿಸಾಟ, ನನ್ನ ಹಟ, ಡಿಟ್ಯಾಚ್ ಒತ್ತಿದ್ದು, ಎಲ್ಲ. ಬೈಯುತ್ತಾರೆಂದು ಕಾದೆ.

ಸರ್ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. "ಕಿಟಕಿ ಅಳೆಯೋವಾಗ ಟೇಪಿನ ಇನ್ನೊಂದ್ ತುದಿ ಹಿಡಿದಿದ್ದೋನು ನಾನೇ ಅಲ್ವಾ" ಎಂದರು. ಅಷ್ಟೇ. ನನಗೆ ಎರಡೇಟು ಹಾಕಿದ್ದರೆ ಹಾಯೆನಿಸುತ್ತಿತ್ತು.

ಅಂದೇ ಇಬ್ಬರೂ ಮಲ್ಲೇಶ್ವರಕ್ಕೆ ಯಜಮಾನರ ಮನೆಗೆ ಹೋದೆವು. ಸರ್ ತಪ್ಪು ತಮ್ಮದೆಂದು ಒಪ್ಪಿಕೊಂಡು, ಗೋಡೆಯನ್ನು ತಮ್ಮ ಖರ್ಚಿನಲ್ಲೇ ತೆಗೆಸಿ ಮೊದಲಿನಂತೆ ಸಂದು ಬಿಡಿಸಿಕೊಡುವುದಾಗಿ ಹೇಳಿದರು. ತಪ್ಪು ನನ್ನದು ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರ ತಪ್ಪೆಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಯಜಮಾನರು ಕೆಟ್ಟವರಲ್ಲ, ಪಾಪ, ಮುಖ ಸಪ್ಪೆ ಮಾಡಿಕೊಂಡು ಹೆಂಡತಿಯ ಕಡೆ ನೋಡಿದರು.

"ಈಶಾನ್ಯದ ಗೋಡೆ, ಅದೂ ದೇವರ ಮನೇದು. ಪೂಜೆ ಮಾಡಿ ಎಬ್ಬಿಸಿರೋದನ್ನ ಒಡೆಯೋದಾ? ಬೇಡಿ ಸರ್. ನಮಗೂ ಮಕ್ಕಳು ಮರಿ ಇದಾರೆ. ಬೇರೆ ಏನ್ ಬೇಕಾದ್ರೂ ಹೇಳಿ, ಮಾಡೋಣ" ಎಂದರು ಆಕೆ. ಅವರ ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು. ಆ ಭಯದ ಮುಂದೆ ವಾದ ನಡೆಯುವುದಿಲ್ಲವೆಂದು ಸರ್‌ಗೂ ಗೊತ್ತಾಯಿತು. ಕೊಟ್ಟ ಕಾಫಿ ಕುಡಿದು ಎದ್ದೆವು. ಮೆಟ್ಟಿಲಿಳಿಯುವಾಗ ನಾನು ಅತ್ತೆ. ಸರ್ ಕರವಸ್ತ್ರ ಕೊಟ್ಟರು. ಅದರಿಂದ ನಾನು ಇನ್ನೂ ದೊಡ್ಡ ಅಪರಾಧಿ ಎನಿಸಿತು.

ಕೊನೆಗೆ ಸರ್ ಕಂಡುಕೊಂಡ ದಾರಿಯೆಂದರೆ ಆಂಟಿಯ ಮಾಡಿನ ಕೆಲವು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸುವುದು. ಅವರೇ ಹೋಗಿ ಆಂಟಿಯ ಜೊತೆ ಮಾತಾಡಿ ಒಪ್ಪಿಸಿ ಬಂದರು. ಹಾಕಿಸುವ ದಿನ ನಾನೂ ಬರುತ್ತೇನೆಂದೆ. ಹೋಗದಿದ್ದರೆ ಊಟ ಸೇರುತ್ತಿರಲಿಲ್ಲ, ಹೋಗುವುದೆಂದರೆ ಕಾಲು ಏಳುತ್ತಿರಲಿಲ್ಲ.

ಆಂಟಿ ಬಾಗಿಲಲ್ಲೇ, "ಬಾಮ್ಮ, ಯಾಕಿಷ್ಟ್ ಸೊರಗಿದೀಯ? ಊಟ ಸರ್ಯಾಗ್ ಮಾಡ್ತಿಲ್ವಾ?" ಎಂದು ನನ್ನ ಗಲ್ಲ ಹಿಡಿದು ನೋಡಿದರು.

ನಡುಕೋಣೆಯಲ್ಲಿ ಕಿಟಕಿ ಇದ್ದ ಹಾಗೇ ಇತ್ತು. ಸರಳು, ಬಾಗಿಲು, ಆಂಟಿ ತಾವೇ ಹೊಲಿದ ಹೂವಿನ ಪರದೆ ಎಲ್ಲ ಇತ್ತು. ಪರದೆಯ ಹಿಂದೆ ಮೊಳದ ದೂರವೂ ಇಲ್ಲದೆ ಸಿಮೆಂಟು ಮೆತ್ತಿದ ಇಟ್ಟಿಗೆ. ಹಗಲಲ್ಲೇ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮಾಡಿನ ಮೇಲೆ ಕೆಲಸದವರು ಹೆಂಚು ಸರಿಸಿದಾಗ ಧೂಳಿನ ಜೊತೆ ಒಂದು ಹಾಳೆಯಷ್ಟು ಬಿಸಿಲು ದೊಪ್ಪನೆ ನೆಲಕ್ಕೆ ಬಿತ್ತು. ಆಂಟಿ ಅದನ್ನು ನೋಡಿ ಮಗುವಿನಂತೆ ನಕ್ಕು, ಮೆಷಿನ್ನನ್ನು ಆ ಬಿಸಿಲಿಗೆ ಎಳೆದುಕೊಂಡು ಕೂತರು. ಸರ್ ಮೇಲಿನವರಿಗೆ ಏನೋ ಹೇಳಲು ಹೊರಗೆ ಹೋದರು, ನಾನು ಆಂಟಿಯ ಜೊತೆ ಉಳಿದೆ.

"ಆಂಟಿ, ತಪ್ಪು ನಂದು" ಎಂದೆ.

"ಅದೇನೋ ಕಂಪ್ಯೂಟರಲ್ಲಿ ಆಯ್ತಂತಲ್ಲ, ನಿಮ್ ಸರ್ ಹೇಳಿದ್ರು. ನಂಗೇನ್ ತಿಳೀತು ಅವೆಲ್ಲ."

ನಾನು ಬಿಡಲಿಲ್ಲ. ಅವರಿಗೆ ತಿಳಿಯಲೇಬೇಕು, ತಿಳಿದು ನನ್ನನ್ನು ಬೈಯಲೇಬೇಕು ಎನ್ನುವ ಹಟ ಬಂದಿತ್ತು. "ನಿಮ್ಹತ್ರ ಬಟ್ಟೆ ಜೊತೆ ಅಳತೆ ಬ್ಲೌಸ್ ಕೊಟ್ಟಿರ್ತಾರಲ್ಲ ಆಂಟಿ, ಹಂಗೆ. ನಿಮ್ಮನೆ ಅಳತೆದು ಬೇರೆ ಫೈಲಲ್ಲಿತ್ತು. ಅದನ್ನ ನಾನು ಬೇರೆ ಕಡೆ ಎತ್ತಿಟ್ಟೆ. ಕಂಪ್ಯೂಟರು ಸಿಗ್ತಿಲ್ಲ, ಸಿಗ್ತಿಲ್ಲ ಅಂತ ಹೇಳ್ತು. ನಾನು ಹುಡುಕ್ಲಿಲ್ಲ. ಕೇಳೋದನ್ನೇ ನಿಲ್ಲಿಸ್ಬಿಟ್ಟೆ."

ಆಂಟಿ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಯಾವ್ದು ಸಿಗ್ತಿಲ್ಲ ಅಂತ ಗೊತ್ತಾಗ್ತಿತ್ತಾ ನಿಂಗೆ?"

"ಹೆಸರು ಬರ್ದಿತ್ತು ಆಂಟಿ."

"ಏನಂತ?"

"ಪಕ್ಕದ್ಮನೆ ಅಂತ."

"ಓದ್ದ್ಯಾ?"

"ಓದ್ದೆ."

ಅವರು ಮತ್ತೆ ಸೂಜಿಯ ಕಡೆ ಬಗ್ಗಿದರು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಕಣ್ಣು ಕಿರಿದು ಮಾಡಿ ಪೋಣಿಸಿದರು. ನಾನು ಕಾಯುತ್ತ ನಿಂತೆ. ಆಮೇಲೆ ಮಾತಾಡಿದಾಗ ಅವರ ದನಿಯಲ್ಲಿ ಕೋಪವಿರಲಿಲ್ಲ, ತಮ್ಮ ಮೇಲೇ ಸ್ವಲ್ಪ ನಗುವಿತ್ತು.

"ಆ ಮೇಸ್ತ್ರಿ ಒಳ್ಳೇವ್ನು ಕಣಮ್ಮ. ಗೋಡೆ ಕಿಟಕಿ ಮಟ್ಟಕ್ಕೆ ಬಂದಾಗ ಕೆಲ್ಸ ನಿಲ್ಸಿ, ಈ ಕಿಟಕೀಲೇ ಬಗ್ಗಿ ಕೇಳ್ದ. ಅಮ್ಮಾ, ಇದು ಮುಚ್ಚೋಗತ್ತೆ, ನಿಮ್ಗೆ ಗೊತ್ತಾ, ಇಂಜಿನಿಯರ್‌ನ ಒಂದ್ ಮಾತು ಕೇಳ್ಲಾ ಅಂತ. ನಾನೇ ಬೇಡ ಅಂದೆ."

"ಯಾಕಾಂಟಿ?"

"ನೀನು ಬಂದು ಅಳತೆ ತಗೊಂಡ್ ಹೋಗಿದ್ಯಲ್ಲ. ನಿಮ್ ಕಿಟಕಿಗೆ ಏನೂ ಆಗಲ್ಲ ಅಂದಿದ್ಯಲ್ಲ. ಆ ಹುಡುಗೀಗೆ ಎಲ್ಲಾ ಗೊತ್ತಿದೆ, ಮೇಲೆ ಎಲ್ಲೋ ಬೆಳಕಿಗೆ ಬಿಟ್ಟಿರ್ತಾರೆ, ನೀನು ಕಟ್ಟಪ್ಪಾ ಅಂದೆ. ಮಾರ್ನೇ ದಿನಾನೂ ಕೇಳ್ದ. ಕಟ್ಟು ಅಂದೆ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಒಂದೊಂದು ಸಾಲು ಇಟ್ಟಿಗೆ ಏರುತ್ತಿದ್ದಾಗಲೂ ಈಕೆ ಈ ಮೆಷಿನ್ನಿನ ಮುಂದೆ ಕೂತು, ಸಂದು ಎಲ್ಲಿ ಬರುತ್ತದೋ ಎಂದು ನೋಡುತ್ತಿದ್ದರು. ನನ್ನ ಮಾತು ಗಟ್ಟಿಯೆಂದು ಮೇಸ್ತ್ರಿಗೆ ಧೈರ್ಯ ಹೇಳುತ್ತಿದ್ದರು.

ಅಷ್ಟರಲ್ಲಿ ಬಿಸಿಲು ಅವರ ಕೈಯಿಂದ ಜಾರಿ ಪಕ್ಕದ ನೆಲಕ್ಕೆ ಹೋಗಿತ್ತು. ಆಂಟಿ ತಲೆಯೆತ್ತಿ ಗಾಜಿನ ಹೆಂಚನ್ನೊಮ್ಮೆ, ನೆಲವನ್ನೊಮ್ಮೆ ನೋಡಿ ಎದ್ದರು.

"ಸ್ವಲ್ಪ ಆ ಕಡೆ ಹಿಡ್ಕೊಳಮ್ಮ, ಬಿಸಿಲು ಸರೀತು."

ಮೆಷಿನ್ನಿನ ಒಂದು ಬದಿ ಅವರು, ಇನ್ನೊಂದು ಬದಿ ನಾನು ಹಿಡಿದು, ಬೆಳಕಿದ್ದ ಕಡೆಗೆ ಎತ್ತಿ ಇಟ್ಟೆವು.